ಕಲಬುರಗಿ ಕಡೆಯವರಿಗೆ ಕಂಪ್ಯೂಟರ್ ಕೋರ್ಸ್: ಮೊದಲು ಕಾಗದಪತ್ರ, ಆಮೇಲೆ ಲ್ಯಾಬ್, ಕೊನೆಗೆ ಬ್ರಾಂಚ್

ಪಿಯುಸಿ ಫಲಿತಾಂಶ ಬಂದ ಮೇಲೆ ಕಲಬುರಗಿ, ಬೀದರ್, ಯಾದಗಿರಿಯ ಆನ್‌ಲೈನ್ ಸೆಂಟರ್‌ಗಳಲ್ಲಿ ನಿಲ್ಲಲು ಜಾಗ ಇರುವುದಿಲ್ಲ. ಹೊರಗೆ ಸುಡು ಬಿಸಿಲು, ಒಳಗೆ ಅಪ್ಪ-ಮಕ್ಕಳ ಸಾಲು. ಎಲ್ಲರದೂ ಒಂದೇ ಮಾತು: "ನಮ್ಮ ಹುಡುಗಗ ಕಂಪ್ಯೂಟರ್ ಸೈನ್ಸೇ ಬೇಕ್ರಿ."

ಬೇಕು ಅನ್ನುವುದರಲ್ಲಿ ತಪ್ಪಿಲ್ಲ. ಆದರೆ ಬ್ರಾಂಚ್‌ನ ಹೆಸರಿಗಾಗಿ ಇಷ್ಟು ತಲೆ ಕೆಡಿಸಿಕೊಳ್ಳುವ ಮನೆಯವರು ಎರಡು ವಿಷಯ ಮರೆತುಬಿಡುತ್ತಾರೆ. ಒಂದು, ನಮ್ಮ ಭಾಗಕ್ಕೆ ಸಿಗುವ ಮೀಸಲಾತಿಯ ಕಾಗದ. ಇನ್ನೊಂದು, ಸೇರಲು ಹೊರಟ ಕಾಲೇಜಿನ ಲ್ಯಾಬ್. ಈ ಲೇಖನದಲ್ಲಿ ಅವೆರಡಕ್ಕೇ ಜಾಸ್ತಿ ಜಾಗ ಕೊಟ್ಟಿದ್ದೇನೆ.

1. ನಿಮಗೆ ತೆರೆದಿರುವ ದಾರಿ ಯಾವುದು?

ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಐಟಿಐ ಇದೆ, ಡಿಪ್ಲೊಮಾ ಇದೆ, ಪಿಯುಸಿ ಇದೆ. ಐಟಿಐನಲ್ಲಿ 'ಕೋಪಾ' ಅನ್ನುವ 1 ವರ್ಷದ ಟ್ರೇಡ್ ಇದೆ. ಕಂಪ್ಯೂಟರ್ ಆಪರೇಟರ್ ಅಂಡ್ ಪ್ರೋಗ್ರಾಮಿಂಗ್ ಅಸಿಸ್ಟೆಂಟ್ ಅಂತ ಅದರ ಪೂರ್ತಿ ಹೆಸರು. ಹೆಸರಲ್ಲಿ ಪ್ರೋಗ್ರಾಮಿಂಗ್ ಇದ್ದರೂ ಅದರ ಬಹುಪಾಲು ಆಫೀಸ್ ಕೆಲಸ: ಟೈಪಿಂಗ್, ಎಕ್ಸೆಲ್, ಸ್ವಲ್ಪ ಡೇಟಾಬೇಸ್, ಸ್ವಲ್ಪ ವೆಬ್ ಪೇಜ್. ಬೇಗ ದುಡಿಯಲೇಬೇಕಾದ ಮನೆಗೆ ಇದು ಒಳ್ಳೆಯದು. ಸಾಫ್ಟ್‌ವೇರ್ ಎಂಜಿನಿಯರ್ ಆಗುವ ಆಸೆ ಇದ್ದರೆ ಇದೊಂದೇ ಸಾಲದು.

ಪಾಲಿಟೆಕ್ನಿಕ್ ಡಿಪ್ಲೊಮಾ 3 ವರ್ಷ. ಕಲಬುರಗಿಯಲ್ಲೂ ಬೀದರ್‌ನಲ್ಲೂ ಸರ್ಕಾರಿ ಪಾಲಿಟೆಕ್ನಿಕ್ ಇವೆ. ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗೇ ಬೇರೆ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಡಿಪ್ಲೊಮಾ ಮುಗಿಸಿ ಡಿಸಿಇಟಿ ಅನ್ನುವ ಪ್ರವೇಶ ಪರೀಕ್ಷೆ ಬರೆದರೆ ಬಿಇಯ ಎರಡನೇ ವರ್ಷಕ್ಕೇ ಸೇರಬಹುದು. ನನ್ನ ಪ್ರಕಾರ ನಮ್ಮ ಭಾಗದ ಜನ ಈ ದಾರಿಗೆ ಕೊಡಬೇಕಾದ ಬೆಲೆ ಕೊಡುತ್ತಿಲ್ಲ. ಹದಿನಾರನೇ ವಯಸ್ಸಿಗೇ ಕೀಬೋರ್ಡ್ ಮುಂದೆ ಕೂತ ಹುಡುಗಿ ಬಿಇಗೆ ಬಂದಾಗ ಲ್ಯಾಬ್‌ನಲ್ಲಿ ಹೆದರುವುದಿಲ್ಲ. ಕಷ್ಟ ಬರುವುದು ಗಣಿತದಲ್ಲಿ. ಎಂಜಿನಿಯರಿಂಗ್ ಕಾಲೇಜುಗಳ ವಿಶ್ವವಿದ್ಯಾಲಯವಾದ ವಿಟಿಯು ಇವರಿಗೆ ಹೆಚ್ಚುವರಿ ಗಣಿತದ ಪೇಪರ್ ಇಡುತ್ತದೆ. ಅದನ್ನು ಹಗುರವಾಗಿ ತೆಗೆದುಕೊಂಡವರು ಕೊನೆಯ ವರ್ಷದವರೆಗೂ ಅದನ್ನೇ ಹೊತ್ತುಕೊಂಡು ತಿರುಗುತ್ತಾರೆ.

ಪಿಯುಸಿ ಸೈನ್ಸ್ ಆದವರಿಗೆ ಬಿಇ. ಫಿಸಿಕ್ಸ್, ಗಣಿತ ಕಡ್ಡಾಯ. ಜೊತೆಗೆ ಕೆಮಿಸ್ಟ್ರಿ ಇಲ್ಲವೇ ಬಯಾಲಜಿ, ಎಲೆಕ್ಟ್ರಾನಿಕ್ಸ್, ಕಂಪ್ಯೂಟರ್ ಸೈನ್ಸ್‌ನಂಥ ಒಂದು ವಿಷಯ. ಈ ಮೂರರಲ್ಲಿ ಸೇರಿ 45% ಇರಬೇಕು. ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗದವರಿಗೆ 40% ಸಾಕು.

ಕಾಮರ್ಸ್, ಆರ್ಟ್ಸ್ ಓದಿದವರಿಗೆ ಬಿಸಿಎ. ಬಹುತೇಕ ಕಾಲೇಜುಗಳಲ್ಲಿ ಯಾವ ವಿಭಾಗದವರಾದರೂ ಸೇರಬಹುದು. ಆದರೆ ಸೇರುವ ದಿನವೇ ಎಂಸಿಎ ಬಗ್ಗೆ ಯೋಚಿಸಿ. 2 ವರ್ಷದ ಎಂಸಿಎಗೆ ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿರಬೇಕು ಅನ್ನುವ ನಿಯಮ ಇದೆ. ಪಿಯುಸಿಯಲ್ಲಿ ಗಣಿತ ಬಿಟ್ಟವರು ಬಿಸಿಎಯಲ್ಲಿ ಗಣಿತದ ಪೇಪರ್ ಇರುವ ಕಾಲೇಜನ್ನೇ ಹುಡುಕಬೇಕು. ಸಿಲೆಬಸ್ ಕೇಳಿ ನೋಡಿ. ಡಿಸ್ಕ್ರೀಟ್ ಮ್ಯಾಥಮ್ಯಾಟಿಕ್ಸ್ ಅಂತ ಇದ್ದರೆ ಒಳ್ಳೆಯದು.

ಬಿಸಿಎ ಎಷ್ಟು ವರ್ಷ ಅಂತ ಇನ್ನೂ ಗೊಂದಲ ಇದೆ. 2021ರಲ್ಲಿ ಬಂದ 4 ವರ್ಷದ ಪದ್ಧತಿಯನ್ನು ರಾಜ್ಯ ಸರ್ಕಾರ ಕೈಬಿಟ್ಟಿದೆ. 2024-25ರಿಂದ ಮತ್ತೆ 3 ವರ್ಷ. ಅದೇ ವರ್ಷದಿಂದ ಬಿಸಿಎ ಕೂಡ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ವ್ಯಾಪ್ತಿಗೆ ಬಂದಿದೆ. ಹಾಗಾಗಿ ಬೀದಿಗೊಂದು ಬೋರ್ಡ್ ಹಾಕಿದ ಕಾಲೇಜನ್ನು "ನಿಮಗೆ ಎಐಸಿಟಿಇ ಅನುಮೋದನೆ ಇದೆಯಾ?" ಅಂತ ಕೇಳುವ ಹಕ್ಕು ನಿಮಗಿದೆ.

2. ಕಾಗದಪತ್ರ: ಜನವರಿಯೊಳಗೆ ಮುಗಿಸಿ

ಇಲ್ಲಿ ಅವಸರ ಮಾಡಬೇಡಿ, ಕೊನೆಯ ದಿನದವರೆಗೆ ಕಾಯಲೂ ಬೇಡಿ.

ಸಂವಿಧಾನದ 371ಜೆ ಕಲಂ ಹೆಸರು ಕೇಳಿರುತ್ತೀರಿ. ಹೈದರಾಬಾದ್ ಕರ್ನಾಟಕ, ಅಂದರೆ ಈಗಿನ ಕಲ್ಯಾಣ ಕರ್ನಾಟಕಕ್ಕಾಗಿ 98ನೇ ತಿದ್ದುಪಡಿಯಿಂದ ಬಂದ ಕಲಂ ಅದು. 2013ರಿಂದ ಜಾರಿಯಲ್ಲಿದೆ. ಓದುವವರಿಗೆ ಅದರಿಂದ ಸಿಗುವುದು ಇಷ್ಟು: ನಮ್ಮ ಭಾಗದ ಕಾಲೇಜುಗಳಲ್ಲಿ 70% ಸೀಟು ಸ್ಥಳೀಯರಿಗೆ, ರಾಜ್ಯದ ಉಳಿದ ಕಡೆ 8% ಸೀಟು. ಎರಡನೆಯದನ್ನು ತುಂಬಾ ಜನ ಗಮನಿಸುವುದೇ ಇಲ್ಲ. ಬೆಂಗಳೂರಿನ ದೊಡ್ಡ ಕಾಲೇಜಿನ ಕಂಪ್ಯೂಟರ್ ಸೈನ್ಸ್ ಸೀಟಿನಲ್ಲೂ ನಮಗೆ ಪಾಲಿದೆ. ಜನರಲ್ ಕಟಾಫ್ ನೋಡಿ "ನಮಗಲ್ಲ ಬಿಡ್ರಿ" ಅಂತ ಕೈಬಿಡುವ ಮುಂಚೆ ಹೈ-ಕ ಕೋಟಾದ ಕಟಾಫ್ ಬೇರೆಯಾಗಿ ನೋಡಿ.

ಇದಕ್ಕೆ ಬೇಕಾದದ್ದು ಸ್ಥಳೀಯ ವ್ಯಕ್ತಿ ಅರ್ಹತಾ ಪತ್ರ. ಕೊಡುವವರು ಉಪವಿಭಾಗದ ಅಸಿಸ್ಟೆಂಟ್ ಕಮಿಷನರ್. ಹುಟ್ಟಿದ ಊರು, ವಾಸ, ತಂದೆತಾಯಿಯ ದಾಖಲೆ ನೋಡಿ ಕೊಡುತ್ತಾರೆ. ಫೈಲು ಕೆಳಗಿನ ಕಚೇರಿಯಿಂದ ಮೇಲೆ ಹೋಗಿ ಬರಬೇಕು. ಸಿಇಟಿ, ಅಂದರೆ ರಾಜ್ಯದ ಪ್ರವೇಶ ಪರೀಕ್ಷೆ ಹತ್ತಿರ ಬಂದಾಗ ಎಲ್ಲರೂ ಒಟ್ಟಿಗೆ ಅರ್ಜಿ ಹಾಕುತ್ತಾರೆ, ಆಗ ತಡ ಆಗುವುದು ಸಹಜ ಅಲ್ವಾ? ಎರಡನೇ ಪಿಯುಸಿಯ ಡಿಸೆಂಬರ್, ಜನವರಿಯಲ್ಲೇ ಕೆಲಸ ಮುಗಿಸಿಕೊಳ್ಳಿ. ಓದಿಗೆ ಬೇಕಾದ ನಮೂನೆ ಮತ್ತು ನೌಕರಿಗೆ ಬೇಕಾದ ನಮೂನೆ ಬೇರೆ ಬೇರೆ. ಕೌಂಟರ್‌ನಲ್ಲಿ "ಶಿಕ್ಷಣಕ್ಕೆ" ಅಂತ ಬಾಯಿಬಿಟ್ಟು ಹೇಳಿ.

ಉಳಿದ ಕಾಗದಗಳು:

- ಜಾತಿ ಮತ್ತು ಆದಾಯ ಪತ್ರ ನಾಡಕಚೇರಿಯಿಂದ. ಅದರ ಮೇಲಿನ ಆರ್‌ಡಿ ನಂಬರನ್ನೇ ಸಿಇಟಿ ಅರ್ಜಿಯಲ್ಲಿ ಕೇಳುತ್ತಾರೆ. ಅವಧಿ ಮುಗಿದಿದೆಯಾ ನೋಡಿ. ಅಪ್ಪನ ಹೆಸರಿನಲ್ಲಿ ಇರುವ ಹಳೇ ಪತ್ರ ನಡೆಯುವುದಿಲ್ಲ, ವಿದ್ಯಾರ್ಥಿಯ ಹೆಸರಲ್ಲೇ ಇರಬೇಕು.
- 1ರಿಂದ 10ರವರೆಗೆ ಹಳ್ಳಿಯಲ್ಲೇ ಓದಿದ್ದರೆ ಗ್ರಾಮೀಣ ಮೀಸಲು 15%. ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದ್ದರೆ ಇನ್ನೊಂದು 5%. ನಮ್ಮ ಹಳ್ಳಿಯ ಎಷ್ಟೋ ಮಕ್ಕಳು ಎರಡಕ್ಕೂ ಅರ್ಹರು. ವ್ಯಾಸಂಗ ಪ್ರಮಾಣಪತ್ರಕ್ಕೆ ಶಾಲೆಯ ಮುಖ್ಯಗುರುಗಳ ಸಹಿ, ಬಿಇಒ ಮೇಲುಸಹಿ ಹಾಕಿಸಿ ಇಟ್ಟುಕೊಳ್ಳಿ.
- ಆಧಾರ್ ಮತ್ತು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಸ್ಪೆಲ್ಲಿಂಗ್ ಒಂದೇ ಇರಬೇಕು. ಒಂದು ಕಡೆ ಶರಣಬಸಪ್ಪ, ಇನ್ನೊಂದು ಕಡೆ ಶರಣಬಸವ ಅಂತಿದ್ದರೆ ಈಗಲೇ ಆಧಾರ್ ಕೇಂದ್ರಕ್ಕೆ ಹೋಗಿ.

ಬೀದರ್ ಜಿಲ್ಲೆಯವರಿಗೆ ಇನ್ನೊಂದು ಮಾತು. ಔರಾದ್, ಭಾಲ್ಕಿ, ಬಸವಕಲ್ಯಾಣದ ಕೆಲವರು ಮಕ್ಕಳನ್ನು ಮಹಾರಾಷ್ಟ್ರದ ಉದಗೀರ, ಲಾತೂರ್‌ಗೆ ಓದಲು ಕಳಿಸುತ್ತಾರೆ. ಕರ್ನಾಟಕದ ಸರ್ಕಾರಿ ಸೀಟಿಗೆ ಸಾಮಾನ್ಯ ನಿಯಮ ಅಂದರೆ ರಾಜ್ಯದಲ್ಲಿ 7 ವರ್ಷ ಓದಿರಬೇಕು, ಎಸ್ಸೆಸ್ಸೆಲ್ಸಿ ಇಲ್ಲವೇ ಪಿಯುಸಿ ಇಲ್ಲೇ ಪಾಸಾಗಿರಬೇಕು. ಗಡಿನಾಡು, ಹೊರನಾಡು ಕನ್ನಡಿಗರಿಗೆ ಬೇರೆ ಉಪನಿಯಮ ಇದೆ, ಅದಕ್ಕೆ ಕನ್ನಡ ಭಾಷಾ ಪರೀಕ್ಷೆ ಬರೆಯಬೇಕು. ಮಗನನ್ನು ಗಡಿ ದಾಟಿಸುವ ಮುಂಚೆ ಈ ಲೆಕ್ಕ ಹಾಕಿ.

3. ರ‍್ಯಾಂಕ್ ಹೇಗೆ ಬರುತ್ತದೆ

ಎಂಜಿನಿಯರಿಂಗ್ ರ‍್ಯಾಂಕ್‌ಗೆ ಪಿಯುಸಿ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಸಿಇಟಿಯಲ್ಲಿ ವಿಷಯಕ್ಕೆ 60 ಪ್ರಶ್ನೆ, 60 ಅಂಕ. ಮೂರು ವಿಷಯಕ್ಕೆ 180. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ.

ಒಬ್ಬಳಿಗೆ ಪಿಯುಸಿಯಲ್ಲಿ 300ಕ್ಕೆ 270 ಬಂದಿದೆ, ಸಿಇಟಿಯಲ್ಲಿ 180ಕ್ಕೆ 90 ಅಂದುಕೊಳ್ಳಿ. 90% ಮತ್ತು 50%, ಸರಾಸರಿ 70. ಇನ್ನೊಬ್ಬನಿಗೆ ಪಿಯುಸಿಯಲ್ಲಿ 210, ಸಿಇಟಿಯಲ್ಲಿ 126. ಅವನಿಗೂ 70. ಅಂದರೆ ಪಿಯುಸಿಯಲ್ಲಿ ಕಡಿಮೆ ಬಂತು ಅಂತ ಅಳುತ್ತಾ ಕೂರಬೇಕಿಲ್ಲ. ಚೆನ್ನಾಗಿ ಬಂತು ಅಂತ ಸಿಇಟಿಗೆ ಓದದೆ ಇರುವುದೂ ತಪ್ಪು. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ.

ಕೆಇಎ (ರಾಜ್ಯದ ಪರೀಕ್ಷಾ ಪ್ರಾಧಿಕಾರ) ನಡೆಸುವ ಸಿಇಟಿಯ ಹೊರಗೂ ಎರಡು ಬಾಗಿಲು ಇವೆ. ಆಳಂದ ರಸ್ತೆಯ ಕಡಗಂಚಿಯಲ್ಲಿ 2009ರಲ್ಲಿ ಶುರುವಾದ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಅನ್ನುವ ಕೇಂದ್ರದ ಪ್ರವೇಶ ಪರೀಕ್ಷೆ ಬರೆಯಬೇಕು. ಪಕ್ಕದ ರಾಯಚೂರಿನ ಐಐಐಟಿಗೆ ಜೆಇಇ ಮೇನ್ ರ‍್ಯಾಂಕ್ ಬೇಕು. ಇವೆರಡೂ ಕೇಂದ್ರದ ಸಂಸ್ಥೆಗಳು, 371ಜೆ ಲೆಕ್ಕ ಅಲ್ಲಿ ಇಲ್ಲ.

4. ಬ್ರಾಂಚ್ ಹೆಸರುಗಳ ಸಂತೆ

ಕಂಪ್ಯೂಟರ್ ಸೈನ್ಸ್, ಇನ್ಫರ್ಮೇಶನ್ ಸೈನ್ಸ್, ಎಐ-ಎಂಎಲ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ. ವರ್ಷಕ್ಕೊಂದು ಹೊಸ ಹೆಸರು ಸೇರುತ್ತಿದೆ. ವಿಟಿಯು ಸಿಲೆಬಸ್ ತೆಗೆದು ಪಕ್ಕಪಕ್ಕ ಇಟ್ಟು ನೋಡಿ. ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್ಸ್, ಡೇಟಾಬೇಸ್, ಕಂಪ್ಯೂಟರ್ ನೆಟ್‌ವರ್ಕ್, ಅಲ್ಗಾರಿದಮ್. ಈ ಬುನಾದಿ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಕಂಪ್ಯೂಟರ್ ಸೈನ್ಸ್‌ಗೂ ಇನ್ಫರ್ಮೇಶನ್ ಸೈನ್ಸ್‌ಗೂ ವ್ಯತ್ಯಾಸ ಬಹಳ ಕಡಿಮೆ. ಕ್ಯಾಂಪಸ್‌ಗೆ ಬರುವ ಕಂಪನಿಗಳು ಸಾಮಾನ್ಯವಾಗಿ ಇಬ್ಬರನ್ನೂ ಒಂದೇ ಸಾಲಿನಲ್ಲಿ ಕೂರಿಸುತ್ತವೆ.

ಹೊಸ ಹೆಸರಿನ ಬ್ರಾಂಚ್ ಬಗ್ಗೆ ನನಗೊಂದು ಅನುಮಾನ ಇದ್ದೇ ಇದೆ. ಕಾಲೇಜು ಎಐ ಬ್ರಾಂಚ್ ತೆರೆಯಿತು ಸರಿ, ಕಲಿಸುವವರು ಯಾರು? ಅದೇ ಹಳೇ ವಿಭಾಗದವರನ್ನೇ ಹಂಚಿಕೊಂಡಿದ್ದರೆ ಹೆಸರಷ್ಟೇ ಹೊಸದು. ಒಳ್ಳೆಯ ಕಾಲೇಜಿನ ಇನ್ಫರ್ಮೇಶನ್ ಸೈನ್ಸ್ ಸಿಗುವಾಗ ಸಾಧಾರಣ ಕಾಲೇಜಿನ ಎಐ ಹಿಡಿಯಬೇಡಿ. ಗಣಿತ ಅಂದರೆ ದೂರ ಓಡುವವರಿಗೆ ಎಐ, ಡೇಟಾ ಸೈನ್ಸ್ ಇನ್ನೂ ಕಷ್ಟ. ಪ್ರಾಬಬಿಲಿಟಿ, ಮ್ಯಾಟ್ರಿಕ್ಸ್ ಇಲ್ಲದೆ ಅದು ಮುಂದೆ ಸಾಗುವುದಿಲ್ಲ.

5. ಕಾಲೇಜಿಗೆ ಹೋಗಿ, ಲ್ಯಾಬ್ ನೋಡಿ

ನಮ್ಮ ಕಡೆ ಕಾಲೇಜುಗಳಿಗೆ ಬರ ಇಲ್ಲ. ಕಲಬುರಗಿಯ ಪಿಡಿಎ ಎಂಜಿನಿಯರಿಂಗ್ ಕಾಲೇಜು 1958ರದು, ಈ ಭಾಗದಲ್ಲೇ ಹಳೆಯದು. 1980ರ ಗುಲ್ಬರ್ಗಾ ವಿಶ್ವವಿದ್ಯಾಲಯ ಇದೆ. ಶರಣಬಸವ ವಿಶ್ವವಿದ್ಯಾಲಯ, ಖಾಜಾ ಬಂದಾನವಾಜ್ ವಿಶ್ವವಿದ್ಯಾಲಯ ಖಾಸಗಿ. ಬೀದರ್‌ನಲ್ಲಿ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜು, ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ಇನ್‌ಸ್ಟಿಟ್ಯೂಟ್. ಯಾದಗಿರಿ ಜಿಲ್ಲೆಯಲ್ಲಿ ಆಯ್ಕೆ ಕಡಿಮೆ. ಸುರಪುರದ ಕಡೆ ಎಂಜಿನಿಯರಿಂಗ್ ಕಾಲೇಜು ಇದೆ. ಅಲ್ಲಿನ ಬಿಸಿಎ ಕಾಲೇಜುಗಳು ಈಗ ರಾಯಚೂರಿನ ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಅಂಕಪಟ್ಟಿ ತಿದ್ದಿಸಲು ಹೋಗಬೇಕಾದ ಊರು ಯಾವುದು ಅಂತ ತಿಳಿದಿರಲಿ.

ಯಾವುದು ಒಳ್ಳೆಯದು ಅಂತ ನಾನು ಇಲ್ಲಿ ಪಟ್ಟಿ ಮಾಡುವುದಿಲ್ಲ. ವರ್ಷದಿಂದ ವರ್ಷಕ್ಕೆ, ಬ್ರಾಂಚ್‌ನಿಂದ ಬ್ರಾಂಚ್‌ಗೆ ಅದು ಬದಲಾಗುತ್ತದೆ. ನೀವೇ ಹೋಗಿ ನೋಡಿ. ಹೋಗುವುದಾದರೆ ಪ್ರವೇಶದ ಸೀಸನ್‌ನಲ್ಲಿ ಬೇಡ. ಆಗ ಎಲ್ಲ ಕಾಲೇಜೂ ಮದುವೆ ಮನೆ. ಸೆಮಿಸ್ಟರ್ ನಡೆಯುತ್ತಿರುವಾಗ, ಮಧ್ಯಾಹ್ನ, ಲ್ಯಾಬ್ ಇರುವ ಹೊತ್ತಿಗೆ ಹೋಗಿ.

ಪ್ರಿನ್ಸಿಪಾಲರ ಕೋಣೆಗಿಂತ ಮೊದಲು ಕ್ಯಾಂಟೀನ್‌ಗೆ ಹೋಗಿ. ಮೂರನೇ, ಐದನೇ ಸೆಮಿಸ್ಟರ್ ಹುಡುಗರ ಹತ್ತಿರ ಕೂತು ಕೇಳಿ. ಒಂದು ಕಂಪ್ಯೂಟರ್‌ಗೆ ಎಷ್ಟು ಜನ? ಒಬ್ಬರಿಗೆ ಒಂದು ಅಂದರೆ ಸಂತೋಷ. ಮೂವರಿಗೆ ಒಂದು ಅಂದರೆ ಇಬ್ಬರು ನೋಡುತ್ತಾ ನಿಲ್ಲುತ್ತಾರೆ, ಒಬ್ಬ ಟೈಪ್ ಮಾಡುತ್ತಾನೆ. ನೋಡಿ ಕಲಿಯುವ ವಿದ್ಯೆ ಅಲ್ಲ ಇದು. ಕರೆಂಟ್ ಹೋದರೆ ಏನು ಮಾಡುತ್ತೀರಿ? ಯುಪಿಎಸ್ ಕೆಲಸ ಮಾಡುತ್ತದಾ, ಇಲ್ಲಾ ಎಲ್ಲರೂ ಹೊರಗೆ ಹೋಗಿ ಮರದ ಕೆಳಗೆ ಕೂರುತ್ತೀರಾ? ಕ್ಲಾಸ್ ಮುಗಿದ ಮೇಲೆ ಲ್ಯಾಬ್ ತೆರೆದಿರುತ್ತದಾ? ಮನೆಯಲ್ಲಿ ಲ್ಯಾಪ್‌ಟಾಪ್ ಇಲ್ಲದ ಹುಡುಗನಿಗೆ ಈ ಕೊನೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದು.

ಆಮೇಲೆ ಲ್ಯಾಬ್ ರೆಕಾರ್ಡ್ ತೋರಿಸಲು ಹೇಳಿ. ಇಡೀ ಬ್ಯಾಚ್‌ನ ಪ್ರೋಗ್ರಾಂ ಅಕ್ಷರಕ್ಕೆ ಅಕ್ಷರ ಒಂದೇ ಇದ್ದರೆ, ವೇರಿಯಬಲ್ ಹೆಸರೂ ಸೇರಿ, ಸೀನಿಯರ್‌ಗಳ ಪುಸ್ತಕ ನೋಡಿ ಬರೆದಿದ್ದಾರೆ ಅಂತ ತಿಳಿಯಿರಿ. ಇದು ಎಷ್ಟೋ ಕಡೆ ಇದೆ. ಆದರೆ "ಎಕ್ಸ್‌ಟರ್ನಲ್ ಬಂದಾಗ ಪ್ರೋಗ್ರಾಂ ಬದಲಿಸಿ ಕೊಡ್ತಾರ್ರಿ" ಅಂತ ಹುಡುಗರು ಹೇಳಿದರೆ ಆ ಕಾಲೇಜಿಗೆ ಒಂದು ಅಂಕ ಜಾಸ್ತಿ ಹಾಕಿ.

ಕಲಿಸುವವರ ಬಗ್ಗೆ ಕೇಳಿ. ಡೇಟಾ ಸ್ಟ್ರಕ್ಚರ್ಸ್ ಯಾರು ತೆಗೆದುಕೊಳ್ಳುತ್ತಾರೆ, ಎಷ್ಟು ವರ್ಷದಿಂದ ಇದ್ದಾರೆ? ಸರ್ಕಾರಿ ಪದವಿ ಕಾಲೇಜುಗಳಲ್ಲಿ ಬಿಸಿಎ ಪಾಠ ಹೆಚ್ಚಾಗಿ ಅತಿಥಿ ಉಪನ್ಯಾಸಕರ ಮೇಲೆ ನಿಂತಿರುತ್ತದೆ. ಅವರಲ್ಲಿ ತುಂಬಾ ಚೆನ್ನಾಗಿ ಕಲಿಸುವವರು ಇದ್ದಾರೆ. ತೊಂದರೆ ಅಂದರೆ ನೇಮಕ ತಡವಾದ ವರ್ಷ ಸೆಮಿಸ್ಟರ್‌ನ ಅರ್ಧ ಖಾಲಿ ಹೋಗುತ್ತದೆ. ಹೋದ ವರ್ಷ ಪಾಠ ಯಾವ ತಿಂಗಳಲ್ಲಿ ಶುರುವಾಯಿತು ಅಂತ ಕೇಳಿದರೆ ಸಾಕು, ಗೊತ್ತಾಗುತ್ತದೆ.

ಪ್ಲೇಸ್‌ಮೆಂಟ್ ಬ್ಯಾನರ್ ಮುಂದೆ ನಿಂತು ಫೋಟೋ ತೆಗೆಯಬೇಡಿ, ಪ್ರಶ್ನೆ ಕೇಳಿ. ಈ ಕೆಲಸ ಕೋಡಿಂಗ್‌ನದಾ, ಕಾಲ್ ಸೆಂಟರ್‌ನದಾ? ಆಫರ್ ಸಿಕ್ಕವರು ಎಷ್ಟು ಜನ ನಿಜವಾಗಿ ಸೇರಿದರು? ಒಬ್ಬರಿಗೇ ಮೂರು ಆಫರ್ ಬಂದದ್ದನ್ನು ಮೂವರು ಅಂತ ಎಣಿಸಿದ್ದಾರಾ? ಕಾಲೇಜಿನವರು ನ್ಯಾಕ್ ಗ್ರೇಡ್ ಹೇಳಿದರೆ ಎನ್‌ಬಿಎ ಬಗ್ಗೆ ಕೇಳಿ. ಎರಡೂ ಗುಣಮಟ್ಟದ ಮಾನ್ಯತೆಗಳು: ನ್ಯಾಕ್ ಇಡೀ ಸಂಸ್ಥೆಗೆ, ಎನ್‌ಬಿಎ ಒಂದೊಂದು ಬ್ರಾಂಚ್‌ಗೆ. ಮೆಕ್ಯಾನಿಕಲ್‌ಗೆ ಸಿಕ್ಕ ಎನ್‌ಬಿಎ ನಿಮ್ಮ ಕಂಪ್ಯೂಟರ್ ಬ್ರಾಂಚ್‌ಗೆ ಅನ್ವಯಿಸುವುದಿಲ್ಲ.

ದಿನಾ ಓಡಾಡುವ ಲೆಕ್ಕವೂ ಹಾಕಿ. ಜೇವರ್ಗಿ, ಶಹಾಬಾದ್, ಆಳಂದದಿಂದ ಬಸ್‌ನಲ್ಲಿ ಬರುವವರು ಬಹಳ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಿಂದ ಟಿಕೆಟ್ ಇಲ್ಲ, ಗಂಡುಮಕ್ಕಳಿಗೆ ವಿದ್ಯಾರ್ಥಿ ಪಾಸ್ ಇದೆ. ದುಡ್ಡು ಉಳಿಯುತ್ತದೆ, ಆದರೆ ಸಂಜೆ ಲ್ಯಾಬ್‌ನಲ್ಲಿ ಕೂರುವ ಎರಡು ಗಂಟೆ ಹೋಗುತ್ತದೆ. ಹಾಸ್ಟೆಲ್ ಸಿಗುವುದಾದರೆ ಮೊದಲ ಎರಡು ವರ್ಷವಾದರೂ ಅಲ್ಲಿರಿ.

6. ಆಪ್ಷನ್ ಎಂಟ್ರಿ

ಬೇಕಾದ ಕಾಲೇಜು, ಬ್ರಾಂಚ್‌ಗಳ ಪಟ್ಟಿಯನ್ನು ಕೆಇಎಗೆ ಆನ್‌ಲೈನ್‌ನಲ್ಲಿ ತುಂಬಿಕೊಡುವುದೇ ಆಪ್ಷನ್ ಎಂಟ್ರಿ. ನಿಮಗೆ ನಿಜವಾಗಿ ಬೇಕಾದ ಕ್ರಮದಲ್ಲೇ ಕಾಲೇಜು, ಬ್ರಾಂಚ್ ತುಂಬಿ. "ಇದು ಸಿಗಲ್ಲ" ಅಂತ ಮೇಲಿನದನ್ನು ಕೆಳಗೆ ಇಡಬೇಡಿ. ಕಂಪ್ಯೂಟರ್ ನಿಮ್ಮ ರ‍್ಯಾಂಕ್‌ಗೆ ಸಿಗುವ ಮೇಲಿನ ಆಯ್ಕೆಯನ್ನೇ ಕೊಡುತ್ತದೆ. ಮೇಲೆ ಕನಸಿನ ಕಾಲೇಜು ಬರೆದದ್ದರಿಂದ ಕೆಳಗಿನದು ತಪ್ಪಿಹೋಗುವುದಿಲ್ಲ. ಹೋಗಲು ಮನಸ್ಸೇ ಇಲ್ಲದ ಕಾಲೇಜನ್ನು ಮಾತ್ರ ಪಟ್ಟಿಗೆ ಸೇರಿಸಬೇಡಿ.

ಮೊದಲು ಅಣಕು ಹಂಚಿಕೆ ಬರುತ್ತದೆ. ಅದನ್ನು ನೋಡಿ ಪಟ್ಟಿ ತಿದ್ದಬಹುದು. ನಿಜವಾದ ಹಂಚಿಕೆ ಆದ ಮೇಲೆ ನಾಲ್ಕು ಚಾಯ್ಸ್. ಚಾಯ್ಸ್ 1: ಸೀಟು ಒಪ್ಪಿಗೆ, ಸೇರುತ್ತೇನೆ. ಚಾಯ್ಸ್ 2: ಇದು ಇರಲಿ, ಮುಂದಿನ ಸುತ್ತಿನಲ್ಲಿ ಇನ್ನೂ ಒಳ್ಳೆಯದು ಸಿಗುತ್ತದಾ ನೋಡುತ್ತೇನೆ. ಚಾಯ್ಸ್ 3: ಇದು ಬೇಡ, ಮುಂದಿನ ಸುತ್ತಿಗೆ ಇರುತ್ತೇನೆ. ಚಾಯ್ಸ್ 4: ನನಗೆ ಈ ಪ್ರಕ್ರಿಯೆಯೇ ಬೇಡ. ಶುಲ್ಕ ಯಾವಾಗ ಕಟ್ಟಬೇಕು ಅನ್ನುವುದು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆ ಸಲದ ಸೂಚನೆಯನ್ನು ಪೂರ್ತಿ ಓದಿ. ಲಾಗಿನ್ ಪಾಸ್‌ವರ್ಡ್, ಒಟಿಪಿ ಬರುವ ಫೋನ್ ಎರಡೂ ನಿಮ್ಮ ಕೈಯಲ್ಲೇ ಇರಲಿ. ಆನ್‌ಲೈನ್ ಸೆಂಟರ್‌ನವರಿಗೆ ಒಪ್ಪಿಸಿ ಮನೆಗೆ ಹೋಗಬೇಡಿ.

ಬಿಸಿಎ, ಬಿಎಸ್ಸಿಗೆ ಈ ಗಲಾಟೆ ಇಲ್ಲ. ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ನೋಂದಣಿ, ಆಮೇಲೆ ಕಾಲೇಜಿಗೆ ಅರ್ಜಿ.

7. ದುಡ್ಡು

ಎಸ್‌ಎನ್‌ಕ್ಯೂ ಕೋಟಾ ಹೆಸರು ಕೇಳಿಲ್ಲದಿದ್ದರೆ ಈಗ ಕೇಳಿ. ಬ್ರಾಂಚ್‌ನ ಸೀಟುಗಳ ಮೇಲೆ ಹೆಚ್ಚುವರಿಯಾಗಿ 5% ಸೀಟು, ಬೋಧನಾ ಶುಲ್ಕ ಮಾಫಿ. ಮನೆಯ ವಾರ್ಷಿಕ ಆದಾಯ 8 ಲಕ್ಷದೊಳಗೆ ಇರಬೇಕು. ಆಪ್ಷನ್ ಎಂಟ್ರಿ ಮುಂಚೆ ಆದಾಯ ಪತ್ರ ಸರಿಯಾಗಿ ದಾಖಲಾಗಿದೆಯಾ ನೋಡಿಕೊಳ್ಳಿ.

ರಾಜ್ಯದ ವಿದ್ಯಾರ್ಥಿವೇತನಕ್ಕೆಲ್ಲ ಎಸ್‌ಎಸ್‌ಪಿ ಪೋರ್ಟಲ್. ಹಣ ಬರುವುದು ಆಧಾರ್ ಜೋಡಿಸಿದ ಬ್ಯಾಂಕ್ ಖಾತೆಗೆ. ಖಾತೆ ಇದ್ದರೂ ಜೋಡಣೆ ಆಗದೆ ಹಣ ನಿಂತವರು ಪ್ರತಿ ಕಾಲೇಜಿನಲ್ಲೂ ಸಿಗುತ್ತಾರೆ. ಬ್ಯಾಂಕಿಗೆ ಒಮ್ಮೆ ಹೋಗಿ ಬನ್ನಿ. ಅಲ್ಪಸಂಖ್ಯಾತರು ಅರಿವು ಅನ್ನುವ ಶಿಕ್ಷಣ ಸಾಲದ ಬಗ್ಗೆ ಅವರ ನಿಗಮದ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಬಹುದು.

8. ಮೊದಲ ವರ್ಷ ಹೇಗೆ ಕಳೆಯಬೇಕು

ಕನ್ನಡ ಮಾಧ್ಯಮದವರಿಗೆ ಮೊದಲ ಸೆಮಿಸ್ಟರ್ ಭಾರ. ಪಾಠ, ಪುಸ್ತಕ, ಪರೀಕ್ಷೆ ಎಲ್ಲ ಇಂಗ್ಲಿಷ್. ಹೆದರಬೇಡಿ. ಸಿ ಭಾಷೆಯಲ್ಲಿ ಇರುವ ಮೀಸಲು ಪದಗಳು ಮೂವತ್ತು ಚಿಲ್ಲರೆ, ಅಷ್ಟೇ. ಕಷ್ಟ ಇರುವುದು ಪಾಠದ ವೇಗದಲ್ಲಿ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಸಿ, ಲಿನಕ್ಸ್ ಪಾಠಗಳು ಕನ್ನಡ ದನಿಯಲ್ಲಿ ಉಚಿತ. ಎಐಸಿಟಿಇಯ ಇ-ಕುಂಭ್ ಪೋರ್ಟಲ್‌ನಲ್ಲಿ ಕನ್ನಡದಲ್ಲೇ ಎಂಜಿನಿಯರಿಂಗ್ ಪುಸ್ತಕ ಸಿಗುತ್ತವೆ. ಮೊದಲು ಕನ್ನಡದಲ್ಲಿ ಅರ್ಥ ಮಾಡಿಕೊಳ್ಳಿ, ಆಮೇಲೆ ಇಂಗ್ಲಿಷ್‌ನಲ್ಲಿ ಬರೆಯಿರಿ. ಮುಂದೆ ಎನ್‌ಪಿಟಿಇಎಲ್ ಪಾಠ ನೋಡುವಷ್ಟು ಕಿವಿ ಪಳಗುತ್ತದೆ.

ಲ್ಯಾಪ್‌ಟಾಪ್ ಮೊದಲ ದಿನವೇ ಬೇಡ. ಕೊಳ್ಳುವಾಗ 8 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಇರಲಿ. ಅಂಗಡಿಯವರು ತೋರಿಸುವ ಗೇಮಿಂಗ್ ಮಾಡೆಲ್ ಸುಮ್ನೆ ಖರ್ಚು. ನಂಬಿಕೆಯ ಕಡೆಯಿಂದ ಸೆಕೆಂಡ್ ಹ್ಯಾಂಡ್ ತಂದು ಲಿನಕ್ಸ್ ಹಾಕಿದರೂ ನಾಲ್ಕು ವರ್ಷ ನಡೆಯುತ್ತದೆ.

ಸಿಲೆಬಸ್‌ನ ಪ್ರೋಗ್ರಾಂ ಮುಗಿದ ಮೇಲೆ ನಿಮ್ಮದೇ ಒಂದು ಬರೆಯಿರಿ. ಕಲಬುರಗಿ ಎಪಿಎಂಸಿಯ ತೊಗರಿ ದರ ದಿನಾ ಬರುತ್ತದೆ. ಒಂದು ತಿಂಗಳ ದರವನ್ನು ಫೈಲ್‌ನಲ್ಲಿ ತುಂಬಿ. ಕನಿಷ್ಠ, ಗರಿಷ್ಠ, ಸರಾಸರಿ ತೆಗೆಯುವ ಪ್ರೋಗ್ರಾಂ ಮಾಡಿ. ಆಮೇಲೆ ಅದನ್ನೇ ಡೇಟಾಬೇಸ್‌ಗೆ ಹಾಕಿ, ಆಮೇಲೆ ವೆಬ್ ಪೇಜ್ ಮಾಡಿ. ಸಂದರ್ಶನದಲ್ಲಿ ಇದನ್ನು ವಿವರಿಸುವ ಹುಡುಗಿ, ದುಡ್ಡು ಕೊಟ್ಟು ಪ್ರಾಜೆಕ್ಟ್ ತಂದವನಿಗಿಂತ ಚೆನ್ನಾಗಿ ಮಾತಾಡುತ್ತಾಳೆ. ಅಂಥ ರೆಡಿಮೇಡ್ ಪ್ರಾಜೆಕ್ಟ್ ಮಾರುವ ಅಂಗಡಿಗಳು ಎಲ್ಲ ಊರಲ್ಲೂ ಇವೆ. ಎರಡನೇ ಪ್ರಶ್ನೆಗೇ ಬಣ್ಣ ಬಯಲಾಗುತ್ತದೆ.

ಸಿಕ್ಕಿದ್ದು ಎಲೆಕ್ಟ್ರಾನಿಕ್ಸೋ ಸಿವಿಲ್ಲೋ ಆಗಿದ್ದು, ಮನಸ್ಸು ಮಾತ್ರ ಕಂಪ್ಯೂಟರ್ ಕಡೆ ಇದ್ದರೆ ಮೊದಲ ವರ್ಷ ಚೆನ್ನಾಗಿ ಓದಿ. ಸೀಟು ಖಾಲಿ ಇದ್ದರೆ ಮೂರನೇ ಸೆಮಿಸ್ಟರ್‌ಗೆ ಬ್ರಾಂಚ್ ಬದಲಿಸಲು ವಿಟಿಯು ಅವಕಾಶ ಕೊಡುತ್ತದೆ. ಮೊದಲೆರಡು ಸೆಮಿಸ್ಟರ್‌ನ ಅಂಕ ನೋಡುತ್ತಾರೆ.

9. ಹೈದರಾಬಾದ್ ಪ್ರಶ್ನೆ

ನಮಗೆ ಬೆಂಗಳೂರಿಗಿಂತ ಹೈದರಾಬಾದ್ ಹತ್ತಿರ. ಬೀದರ್‌ನವರಿಗಂತೂ ಬೆಳಿಗ್ಗೆ ಹೋಗಿ ರಾತ್ರಿ ಬರುವ ದೂರ. ಹಾಗಾಗಿ ಡಿಗ್ರಿ ಆದ ಕೂಡಲೇ "ಅಮೀರ್‌ಪೇಟ್‌ಗೆ ಹೋಗ್ತೀನ್ರಿ" ಅನ್ನುವವರು ಪ್ರತಿ ಓಣಿಯಲ್ಲೂ ಇದ್ದಾರೆ. ಹೈದರಾಬಾದ್‌ನ ಕೋಚಿಂಗ್ ಸೆಂಟರ್‌ಗಳ ಬಡಾವಣೆ ಅದು. ಹೋಗುವುದು ತಪ್ಪಲ್ಲ. ಜಾವಾ, ಟೆಸ್ಟಿಂಗ್, ಕ್ಲೌಡ್ ಎಲ್ಲ ಅಲ್ಲಿ ಕಡಿಮೆ ದರದಲ್ಲಿ ಕಲಿಸುತ್ತಾರೆ, ಜೊತೆಗಿರುವವರೆಲ್ಲ ಕೆಲಸ ಹುಡುಕುವವರೇ.

ಆದರೆ ಬುನಾದಿ ಇಲ್ಲದೆ ಹೋದರೆ ಅಲ್ಲಿ ಫ್ರೇಮ್‌ವರ್ಕ್‌ನ ಹೆಸರು ಬಾಯಿಪಾಠ ಮಾಡಿ ಬರುತ್ತೀರಿ. ಊರಲ್ಲೇ ಒಂದು ಭಾಷೆಯಲ್ಲಿ ಲೂಪ್, ಫಂಕ್ಷನ್, ಅರೇ, ಒಂದಿಷ್ಟು ಎಸ್‌ಕ್ಯೂಎಲ್ ನೋಡದೆ ಬರೆಯುವಷ್ಟು ತಯಾರಾಗಿ ಹೋಗಿ. ಮೊದಲ ಎರಡು ದಿನ ಡೆಮೊ ಕ್ಲಾಸ್‌ನಲ್ಲಿ ಕೂತು ನೋಡಿ, ಆಮೇಲೆ ಫೀ ಕಟ್ಟಿ. ಕಂತಿನಲ್ಲಿ ಕಟ್ಟಿ, ರಸೀದಿ ತೆಗೆದುಕೊಳ್ಳಿ. ಕೆಲಸದ ಗ್ಯಾರಂಟಿ ಅಂತ ಮುಂಗಡ ಕೇಳುವವರಿಗೆ, ಸುಳ್ಳು ಅನುಭವ ಪತ್ರ ಮಾಡಿಕೊಡುತ್ತೇವೆ ಅನ್ನುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಕಂಪನಿಗಳು ಹಿನ್ನೆಲೆ ಪರಿಶೀಲನೆ ಮಾಡಿಸುತ್ತವೆ. ಸೇರಿದ ಎಷ್ಟೋ ತಿಂಗಳ ಮೇಲೆ ಸಿಕ್ಕಿಬಿದ್ದರೂ ಕೆಲಸ ಹೋಗುತ್ತದೆ. ಮೂಲ ಅಂಕಪಟ್ಟಿಗಳನ್ನು ಯಾವ ತರಬೇತಿ ಸಂಸ್ಥೆಯಲ್ಲೂ ಒತ್ತೆ ಇಡಬೇಡಿ. ನಕಲು ಪ್ರತಿ ಕೊಡಿ, ಮೂಲವನ್ನು ಮನೆಯ ಟ್ರಂಕ್‌ನಲ್ಲೇ ಬಿಟ್ಟು ಹೋಗಿ.